ಒಂದೇ ಬದಿಯ ಆಕ್ಸಲ್ ಶಾಫ್ಟ್ ಮೂರು ಬಾರಿ ತುಂಡಾದ ಪ್ರಕರಣ

ಹಿನ್ನೆಲೆ

ವಾಹನ ಆರು ಚಕ್ರದ ಟಿಪ್ಪರ್. ಹಿಂದೆ ಒಂದೇ ಆಕ್ಸಲ್, ಎರಡೂ ಬದಿಗೆ ಜೋಡಿ ಟೈರ್. ಕಲ್ಲು, ಜಲ್ಲಿ ಸಾಗಿಸುವ ಕೆಲಸ. ದಿನಕ್ಕೆ ಸರಾಸರಿ 90 ಕಿ.ಮೀ., ವಾರಕ್ಕೆ ಆರು ದಿನ. ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಮಾದರಿಯದು. ಪ್ರಕರಣ ಅರ್ಥವಾಗಬೇಕಾದರೆ ಈ ಮಾದರಿಯ ಒಂದು ಗುಣವನ್ನು ಮೊದಲೇ ಹೇಳಿಬಿಡಬೇಕು.

ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ ವಾಹನದ ಭಾರ ಹೊರುವುದು ಶಾಫ್ಟ್ ಅಲ್ಲ, ಅದನ್ನು ಸುತ್ತುವರಿದ ಹೊರನಳಿಗೆ, ಎಂದರೆ ಹೌಸಿಂಗ್. ಹೌಸಿಂಗ್‌ನ ತುದಿಯ ಸ್ಪಿಂಡಲ್ ಮೇಲೆ ಎರಡು ಟೇಪರ್ ರೋಲರ್ ಬೇರಿಂಗ್ ಕೂತು, ಅವುಗಳ ಮೇಲೆ ಚಕ್ರದ ನಡುಭಾಗವಾದ ಹಬ್ ತಿರುಗುತ್ತದೆ. ಶಾಫ್ಟ್‌ನ ಹೊರತುದಿಯ ಫ್ಲ್ಯಾಂಜ್ (ಅಗಲ ಬಿಲ್ಲೆ) ಹಬ್‌ಗೆ ಸ್ಟಡ್‌ಗಳಿಂದ ಬಿಗಿದಿರುತ್ತದೆ, ಒಳತುದಿಯ ಸ್ಪ್ಲೈನ್ (ಉದ್ದುದ್ದ ಹಲ್ಲುಗಳಿರುವ ಭಾಗ) ಡಿಫರೆನ್ಷಿಯಲ್‌ನ, ಎಂದರೆ ಎಂಜಿನ್ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರ್ ಜೋಡಣೆಯ, ಸೈಡ್ ಗೇರ್ ಒಳಗೆ ಕೂತಿರುತ್ತದೆ. ಶಾಫ್ಟ್‌ಗೆ ಇರುವುದು ಒಂದೇ ಕೆಲಸ: ತಿರುಚು ಬಲವನ್ನು ಚಕ್ರಕ್ಕೆ ದಾಟಿಸುವುದು. ಅದಕ್ಕೇ ಜಾಕ್ ಹಾಕದೆಯೇ ಸ್ಟಡ್ ನಟ್ ಬಿಚ್ಚಿ ಶಾಫ್ಟ್ ಹೊರಗೆಳೆಯಬಹುದು, ಚಕ್ರ ಕದಲುವುದಿಲ್ಲ. ಶಾಫ್ಟ್ ತುಂಡಾದರೂ ಚಕ್ರ ಕಳಚಿ ಬೀಳುವುದಿಲ್ಲ, ಆದರೆ ಎಂಜಿನ್ನಿನ ಬಲ ನೆಲಕ್ಕೆ ಮುಟ್ಟುವುದಿಲ್ಲ. ಎಂಜಿನ್ ಬ್ರೇಕಿಂಗ್ ಸಿಗುವುದಿಲ್ಲ. ಹ್ಯಾಂಡ್ ಬ್ರೇಕ್ ಗೇರ್‌ಬಾಕ್ಸ್ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಇರುವ ವಾಹನಗಳಲ್ಲಿ ಅದೂ ಹಿಡಿಯುವುದಿಲ್ಲ. ಏರಿನಲ್ಲಿ ನಿಂತ ವಾಹನಕ್ಕೆ ಇದು ಜೀವದ ಪ್ರಶ್ನೆ.

ಈ ಟಿಪ್ಪರಿನ ಎಡಬದಿಯ ಶಾಫ್ಟ್ ಸುಮಾರು ನಾಲ್ಕು ತಿಂಗಳಲ್ಲಿ ಮೂರು ಸಲ ಕಟ್ಟಾಯಿತು. ಅದೇ ಕೆಲಸ, ಅದೇ ರಸ್ತೆ, ಅದೇ ಚಾಲಕ, ಆದರೂ ಬಲಬದಿಯದಕ್ಕೆ ಏನೂ ಆಗಲಿಲ್ಲ. ಈ ಕೊನೆಯ ಮಾತನ್ನು ಮೊದಲ ದಿನವೇ ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ ಅರ್ಧ ದಾರಿ ಉಳಿಯುತ್ತಿತ್ತು.

ಮೊದಲನೆಯ ಸಲ: ಓವರ್‌ಲೋಡ್ ಎಂಬ ಸುಲಭ ಉತ್ತರ

ಮೊದಲ ಮುರಿತ ಆದದ್ದು ಲೋಡ್ ಹೊತ್ತು ಏರು ಹತ್ತುವಾಗ. ಠಣ್ ಎಂದು ಒಂದು ಶಬ್ದ, ಎಂಜಿನ್ ಒಮ್ಮೆಲೇ ಹಗುರಾಗಿ ಅರಚಿತು, ವಾಹನ ನಿಂತಿತು. ಚಾಲಕ ಏರ್ ಬ್ರೇಕ್ ಹಿಡಿದು, ಸಹಾಯಕನಿಂದ ಚಕ್ರಕ್ಕೆ ಕಲ್ಲು ಕೊಡಿಸಿದ. ಏರು, ಲೋಡ್, ಹಳೆಯ ಶಾಫ್ಟ್ ಮೂರೂ ಒಟ್ಟಿಗೆ ಸೇರಿದ್ದರಿಂದ ಕಾರಣ ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ. ಹೊಸ ಶಾಫ್ಟ್ ಹಾಕಿ ಸಂಜೆಗೆ ವಾಹನ ಬಿಟ್ಟರು.

ಆ ದಿನ ಎರಡು ತಪ್ಪುಗಳಾದವು. ಮುರಿದ ಮುಖವನ್ನು ಯಾರೂ ತೊಳೆದು ನೋಡಲಿಲ್ಲ ಎನ್ನುವುದು ಒಂದು. ಫ್ಲ್ಯಾಂಜ್ ತುಂಡು ಗುಜರಿಗೆ ಹೋಯಿತು, ಉದ್ದದ ತುಂಡು ವೀಲ್ ಸ್ಪ್ಯಾನರಿಗೆ ಹಾಕುವ ಹಾರೆಯಾಗಿ ಟೈರ್ ವಿಭಾಗದಲ್ಲಿ ಕೆಲಸಕ್ಕೆ ಸೇರಿತು. ಡಿಫರೆನ್ಷಿಯಲ್ ಆಯಿಲ್ ಬದಲಿಸದೆ ಬಿಟ್ಟದ್ದು ಇನ್ನೊಂದು. ಶಾಫ್ಟ್ ತುಂಡಾಗುವಾಗ ಉದುರುವ ಚೂರು ಹೌಸಿಂಗ್ ನಳಿಗೆಯಲ್ಲಿ ಉಳಿಯುತ್ತದೆ. ಆಮೇಲೆ ಆಯಿಲ್ ಜೊತೆ ಸಾಗಿ ಹಬ್ ಸೀಲಿನ ತುಟಿ ಕೊಯ್ಯುತ್ತದೆ, ಇಲ್ಲವೇ ಡಿಫರೆನ್ಷಿಯಲ್‌ನ ಮುಖ್ಯ ಗೇರ್ ಜೋಡಿಯಾದ ಕ್ರೌನ್ ಪಿನಿಯನ್ ಹಲ್ಲಿನ ನಡುವೆ ಸಿಗುತ್ತದೆ. ಡ್ರೈನ್ ಪ್ಲಗ್ ತೆಗೆದು, ಮ್ಯಾಗ್ನೆಟ್ ಆಡಿಸಿ, ನಳಿಗೆಯೊಳಗೆ ಬಟ್ಟೆ ಸುತ್ತಿದ ಕಡ್ಡಿ ಎಳೆದು ಒರೆಸುವುದು ಅರ್ಧ ಗಂಟೆಯ ಕೆಲಸ.

ಹೊಸ ಶಾಫ್ಟ್ ಕೂರಿಸುವಾಗ ಇನ್ನೊಂದು ಸಂಗತಿ ನಡೆಯಿತು, ಆಗ ಯಾರ ಗಮನಕ್ಕೂ ಬರಲಿಲ್ಲ. ಸ್ಪ್ಲೈನ್ ಸೈಡ್ ಗೇರ್ ಹಿಡಿದ ಮೇಲೂ ಫ್ಲ್ಯಾಂಜ್ ಹಬ್‌ಗೆ ಪೂರ್ತಿ ಅಂಟಲಿಲ್ಲ. ಸುತ್ತಿಗೆಯಿಂದ ಎರಡು ಏಟು ಹಾಕಿ, ಉಳಿದದ್ದನ್ನು ನಟ್ ಬಿಗಿದು ಎಳೆದುಕೊಂಡರು.

ಎರಡನೆಯ ಸಲ: ಮಾಲು ಸರಿಯಿಲ್ಲ

ಒಂಬತ್ತು ವಾರಕ್ಕೆ ಅದೇ ಬದಿ, ಅದೇ ಜಾಗ: ಫ್ಲ್ಯಾಂಜ್ ಶಾಫ್ಟನ್ನು ಸೇರುವ ಕೊರಳಿನಲ್ಲಿ. ಈ ನಡುವೆ ಎಡ ಹಬ್‌ನ ಸ್ಟಡ್ ನಟ್‌ಗಳು ಮೂರು ಸಲ ಸಡಿಲಾಗಿದ್ದವು, ಫ್ಲ್ಯಾಂಜ್ ಸುತ್ತ ಆಯಿಲ್ ಒಸರುತ್ತಿತ್ತು. ಒಸರು ನಿಲ್ಲಿಸಲು ಎರಡು ಪ್ಯಾಕಿಂಗ್ (ಸಂದು ಮುಚ್ಚುವ ತೆಳು ಹಾಳೆ) ಒಂದರ ಮೇಲೊಂದು ಹಾಕಿದ್ದರು. ಅದು ರೋಗದ ಗುರುತನ್ನೇ ಮುಚ್ಚಿಟ್ಟ ಕೆಲಸ. ಫ್ಲ್ಯಾಂಜ್ ಮತ್ತು ಹಬ್ ನಡುವೆ ಬಲ ದಾಟುವುದು ಬಹುಪಾಲು ಬಿಗಿತದ ಘರ್ಷಣೆಯಿಂದ, ಉಳಿದದ್ದು ಸ್ಟಡ್ ಸುತ್ತ ಕೂರುವ ಸೀಳು ಕೋನ್‌ಗಳಿಂದ. ಮೆತ್ತನೆಯ ಪ್ಯಾಕಿಂಗ್ ಎರಡಾದರೆ ಅದು ಕುಗ್ಗುತ್ತಾ ಹೋಗುತ್ತದೆ, ಬಿಗಿತ ಇಳಿಯುತ್ತದೆ, ಫ್ಲ್ಯಾಂಜ್ ಕಣ್ಣಿಗೆ ಕಾಣದಷ್ಟು ಅಲುಗಾಡತೊಡಗುತ್ತದೆ, ಸ್ಟಡ್ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಹೊಸ ಶಾಫ್ಟ್ ಒಂಬತ್ತೇ ವಾರಕ್ಕೆ ಮುರಿದದ್ದರಿಂದ ಅಂಗಡಿಯ ಮಾಲು ಕಳಪೆ ಎಂಬ ತೀರ್ಮಾನವಾಯಿತು. ಗಟ್ಟಿ ಅಲಾಯ್ ಸ್ಟೀಲಿನಲ್ಲಿ ದಪ್ಪನೆಯ ಶಾಫ್ಟ್ ಮಾಡಿಸುವುದೆಂದು ಮಾಲೀಕರು ನಿರ್ಧರಿಸಿದರು. ಅದು ತಯಾರಾಗಲು ಹತ್ತು ದಿನ ಬೇಕಿತ್ತು.

ಆ ಹತ್ತು ದಿನ ವಾಹನ ನಿಲ್ಲಬಾರದೆಂದು ತುಂಡಾದ ಶಾಫ್ಟನ್ನೇ ಲೇಥ್‌ನಲ್ಲಿ ಚೂಪು ಮಾಡಿ, ಸುತ್ತ ವೆಲ್ಡ್ ತುಂಬಿ, ಮತ್ತೆ ಟರ್ನ್ ಮಾಡಿ ಹಾಕಲಾಯಿತು. ಎರಡು ದಿನ ಬಾಳಿತು. ಮುರಿದದ್ದು ವೆಲ್ಡ್‌ನಲ್ಲಲ್ಲ, ಅದರ ಪಕ್ಕ ನಾಲ್ಕೈದು ಮಿ.ಮೀ. ದೂರದಲ್ಲಿ. ‘ವೆಲ್ಡ್ ಗಟ್ಟಿಯಾಗಿತ್ತು, ಕಬ್ಬಿಣವೇ ಸರಿಯಿರಲಿಲ್ಲ’ ಎಂಬ ಮಾತು ಹುಟ್ಟುವುದು ಇಂಥ ಕಡೆ. ನಿಜವಾಗಿ ಆಗುವುದೇ ಬೇರೆ. ಆಕ್ಸಲ್ ಶಾಫ್ಟ್‌ಗೆ ಬಳಸುವ ಮಧ್ಯಮ ಕಾರ್ಬನ್ ಉಕ್ಕು, ಅಂದರೆ 0.4 ಶೇಕಡದ ಆಸುಪಾಸು ಕಾರ್ಬನ್ ಇರುವ ಉಕ್ಕು, ವೆಲ್ಡ್ ಶಾಖದಿಂದ ಕೆಂಪಾಗಿ ತಟ್ಟನೆ ತಣಿದರೆ ಆ ಪಟ್ಟಿ ಗಾಜಿನಂತೆ ಗಡುಸಾಗುತ್ತದೆ. ಅದರಾಚೆಯ ಭಾಗದಲ್ಲಿ ಮೊದಲೇ ಇದ್ದ ಇಂಡಕ್ಷನ್ ಗಡಸುತನ (ವಿದ್ಯುತ್ತಿನಿಂದ ಕಾಯಿಸಿ ತಣಿಸಿ ಮೈಗೆ ತಂದದ್ದು) ಇಳಿದು ಮೆದುವಾಗುತ್ತದೆ. ಗಾಜಿನಂಥದ್ದೂ ಮೆದುವಾದದ್ದೂ ಅಕ್ಕಪಕ್ಕ ಕೂತು ತಿರುಚಿಸಿಕೊಂಡರೆ ಎರಡರ ಗಡಿಯಲ್ಲಿ ಬಿರುಕು ಹುಟ್ಟುತ್ತದೆ. ಆಕ್ಸಲ್ ಶಾಫ್ಟನ್ನು ವೆಲ್ಡ್ ಮಾಡಿ ಲೋಡ್ ಹೊರಿಸಬಾರದು. ‘ವರ್ಕ್‌ಶಾಪ್ ತಲುಪುವವರೆಗೆ ಮಾತ್ರ’ ಎಂದೂ ಬೇಡ, ಖಾಲಿ ವಾಹನವನ್ನು ಎಳೆದು ತರುವುದೇ ಮೇಲು. ಈ ಪ್ರಯೋಗ ಇನ್ನೂ ಒಂದು ನಷ್ಟ ಮಾಡಿತು: ಎರಡನೆಯ ಮುರಿತದ ಮುಖ ಲೇಥ್‌ನ ಟೂಲಿಗೆ ಹೋಯಿತು, ಸಾಕ್ಷಿ ಅಳಿಯಿತು.

ಮೂರನೆಯ ಸಲ: ದಪ್ಪದ್ದು ಇನ್ನೂ ಬೇಗ ಹೋಯಿತು

ಮಾಡಿಸಿದ ಶಾಫ್ಟ್ ಮೂಲದ 48 ಮಿ.ಮೀ.ಗೆ ಬದಲು 51 ಮಿ.ಮೀ. ದಪ್ಪವಿತ್ತು, ಬೆಲೆಯೂ ಹಾಗೇ. ಐದು ವಾರಕ್ಕೆ ಕಟ್ಟಾಯಿತು. ಈ ಸಲ ಏರೂ ಇರಲಿಲ್ಲ, ಹೊಂಡವೂ ಇರಲಿಲ್ಲ. ಸಮತಟ್ಟು ರಸ್ತೆಯಲ್ಲಿ ನಿಂತು ಹೊರಟಾಗ ಎರಡನೇ ಗೇರಿನಲ್ಲಿ ಹೋಯಿತು.

ಪ್ರಕರಣ ತಿರುಗಿದ್ದು ಇಲ್ಲಿ. ಓವರ್‌ಲೋಡ್ ಎಂದರೆ ಸಮತಟ್ಟಿನಲ್ಲಿ ಏಕೆ? ಮಾಲು ಕಳಪೆ ಎಂದರೆ ಒಳ್ಳೆಯ ಉಕ್ಕು ಇನ್ನೂ ಬೇಗ ಏಕೆ? ಎರಡೂ ಉತ್ತರ ಬಿದ್ದುಹೋದವು. ನಾಲ್ಕನೆಯ ಶಾಫ್ಟ್ ತರಿಸುವ ಮೊದಲು ವಾಹನವನ್ನು ಮೂರು ದಿನ ನಿಲ್ಲಿಸಿ ಕಾರಣ ಹುಡುಕುವುದಕ್ಕೆ ಮಾಲೀಕರು ಒಪ್ಪಿದರು. ಇಡೀ ಪ್ರಕರಣದಲ್ಲಿ ಹಣ ಉಳಿಸಿದ ತೀರ್ಮಾನ ಇದೊಂದೇ.

ಮುರಿದ ಮುಖ ಓದುವುದು

ಮೂರನೆಯ ತುಂಡನ್ನು ಡೀಸೆಲ್‌ನಲ್ಲಿ ಮೆದು ಬ್ರಷ್‌ನಿಂದ ತೊಳೆದು, ಬೆಳಕನ್ನು ಓರೆಯಾಗಿ ಬಿಟ್ಟು ನೋಡಲಾಯಿತು. ವೈರ್ ಬ್ರಷ್ ಹಾಕಲಿಲ್ಲ, ಎರಡು ತುಂಡನ್ನು ಜೋಡಿಸಿ ಕೂಡುತ್ತದೆಯೇ ಎಂದು ಪರೀಕ್ಷಿಸಲೂ ಇಲ್ಲ. ಜೋಡಿಸುವ ಆಸೆ ಎಲ್ಲರಿಗೂ ಬರುತ್ತದೆ, ಹಾಗೆ ಮಾಡಿದರೆ ಸೂಕ್ಷ್ಮ ಗೆರೆಗಳು ಉಜ್ಜಿಹೋಗುತ್ತವೆ.

ಮುರಿತಗಳಿಗೆ ಒಂದೊಂದು ಮುಖಚಹರೆ ಇದೆ. ಸೀಮೆಸುಣ್ಣದ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ಮುರಿದರೆ ಓರೆಯಾಗಿ, ಸುರುಳಿ ಸುತ್ತಿದಂತೆ ಮುರಿಯುತ್ತದೆ. ಗಡುಸು ಶಾಫ್ಟ್‌ಗೆ ಒಮ್ಮೆಲೇ ಏಟು ಬಿದ್ದರೆ, ಅಂದರೆ ಹೊಂಡದಲ್ಲಿ ಗಿರಗಿರ ತಿರುಗುತ್ತಿದ್ದ ಚಕ್ರ ತಟ್ಟನೆ ನೆಲ ಹಿಡಿದರೆ, ಮುರಿತ ಹಾಗೆ 45 ಡಿಗ್ರಿ ಓರೆಯಾಗಿ ಬರುತ್ತದೆ. ಮೆದು ಶಾಫ್ಟ್ ಅತಿ ಬಲಕ್ಕೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿ, ಅಡ್ಡಕ್ಕೆ ಸಪಾಟಾಗಿ ಕತ್ತರಿಸುತ್ತದೆ. ಮುಖದ ಮೇಲೆ ಸುಳಿ ಕಾಣುತ್ತದೆ, ಹತ್ತಿರದ ಸ್ಪ್ಲೈನ್ ಹಲ್ಲುಗಳು ಓರೆಯಾಗಿರುತ್ತವೆ. ತಿರುಚಿನ ದಣಿವಿನಿಂದ ಆದ ಮುರಿತ ಸಾಮಾನ್ಯವಾಗಿ ಸ್ಪ್ಲೈನ್ ಮುಗಿಯುವ ಜಾಗದಲ್ಲಿ ಹಲ್ಲಿನ ಬುಡಗಳಿಂದ ಹೊರಟು ನಕ್ಷತ್ರದಂತೆ ಸೀಳಿರುತ್ತದೆ.

ಇಲ್ಲಿ ಕಂಡದ್ದು ಇವು ಯಾವುದೂ ಅಲ್ಲ. ಶಾಫ್ಟ್‌ಗೆ ನೇರ ಅಡ್ಡವಾಗಿ ಸಪಾಟಾದ ಮುಖ. ಅಂಚಿನ ಸುತ್ತ ಹತ್ತಾರು ಕಡೆ ಬಿರುಕು ಒಟ್ಟಿಗೆ ಹುಟ್ಟಿ, ಅಕ್ಕಪಕ್ಕದವು ಸೇರುವಲ್ಲಿ ಸಣ್ಣ ಸಣ್ಣ ಮೆಟ್ಟಿಲು. ಅಂಚಿನಿಂದ ಒಳಕ್ಕೆ, ಬೇಸಿಗೆಯಲ್ಲಿ ಕೆರೆಯ ನೀರು ಇಳಿಯುತ್ತಾ ದಡದಲ್ಲಿ ಬಿಟ್ಟುಹೋಗುವ ಗೆರೆಗಳಂತೆ, ಒಂದರೊಳಗೊಂದು ನಯವಾದ ಗೆರೆ. ನಡುವೆ ಸ್ವಲ್ಪ ಪಕ್ಕಕ್ಕೆ ಸರಿದು ಒರಟು ಭಾಗ, ಇಡೀ ಮುಖದ ಐದರಲ್ಲೊಂದು ಪಾಲು ಮಾತ್ರ. ಕೊನೆಯ ಕ್ಷಣದಲ್ಲಿ ಮುರಿದದ್ದು ಅಷ್ಟೇ, ಉಳಿದ ನಾಲ್ಕು ಪಾಲು ವಾರಗಟ್ಟಲೆ ನಿಧಾನವಾಗಿ ಬಿಟ್ಟುಕೊಂಡಿತ್ತು. ಕೊನೆಯ ಒರಟು ಭಾಗ ಇಷ್ಟು ಚಿಕ್ಕದಿದ್ದರೆ ಆ ಕ್ಷಣದ ಲೋಡ್ ಹೆಚ್ಚಿರಲಿಲ್ಲ ಎಂದು ಅರ್ಥ. ಸಮತಟ್ಟು ರಸ್ತೆಯ ಒಗಟು ಅಲ್ಲಿಗೆ ಒಡೆಯಿತು.

ಟೈರ್ ವಿಭಾಗದ ಹಾರೆಯನ್ನು ತರಿಸಿ ತುಕ್ಕು ಬಿಡಿಸಿದಾಗ ಮೊದಲನೆಯ ಮುರಿತವೂ ಅದೇ ಚಹರೆಯದು ಎಂದು ಕಂಡಿತು. ಏರಿನಲ್ಲಿ ಕಟ್ಟಾದದ್ದು ಬರಿಯ ಕಾಕತಾಳೀಯ.

ಈ ಚಹರೆಗೆ ಕಾರಣ ಒಂದೇ: ಶಾಫ್ಟ್ ಬಾಗಿದ ಸ್ಥಿತಿಯಲ್ಲಿ ತಿರುಗುತ್ತಿದೆ. ಬಾಗು ಒಂದೇ ದಿಕ್ಕಿಗೆ ನಿಂತಿದ್ದು ಶಾಫ್ಟ್ ತಿರುಗಿದರೆ, ಮೈಯ ಪ್ರತಿ ಬಿಂದು ಸುತ್ತಿಗೊಮ್ಮೆ ಎಳೆತಕ್ಕೂ ಒತ್ತಡಕ್ಕೂ ಸಿಗುತ್ತದೆ. ಈ ಅಳತೆಯ ಟೈರ್ ಕಿ.ಮೀ.ಗೆ ಸುಮಾರು 310 ಸುತ್ತು ತಿರುಗುತ್ತದೆ. ಒಂಬತ್ತು ವಾರಕ್ಕೆ 15 ಲಕ್ಷ ಸುತ್ತು, ಐದು ವಾರಕ್ಕೆ 8 ಲಕ್ಷ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ಕೆಲಸವೇ ಇದು, ಬಗ್ಗುವುದು ಕಡಿಮೆ, ಸಲ ಹೆಚ್ಚು.

ಬಾಗು ಎಲ್ಲಿಂದ ಬರುತ್ತಿದೆ?

ಫುಲ್ ಫ್ಲೋಟಿಂಗ್ ಶಾಫ್ಟ್‌ಗೆ ಬಾಗು ಬರುವ ದಾರಿಗಳು ಎಣಿಕೆಯಷ್ಟೇ: ಶಾಫ್ಟೇ ಡೊಂಕು, ಫ್ಲ್ಯಾಂಜ್ ಅಥವಾ ಹಬ್ ಮುಖ ಡೊಂಕು, ಹಬ್ ಬೇರಿಂಗ್ ಸಡಿಲ, ಡಿಫರೆನ್ಷಿಯಲ್ ಗೇರ್‌ಗಳನ್ನು ಹಿಡಿದಿರುವ ಕೇಜಿನ ಬೇರಿಂಗ್ ಸಡಿಲ, ಇಲ್ಲವೇ ಹೌಸಿಂಗ್ ಬಾಗಿದೆ. ಮೂರು ಶಾಫ್ಟೂ ಡೊಂಕಿರಲಾರವು, ಮೊದಲನೆಯದನ್ನು ಬಿಡಲಾಯಿತು. ಬಲಬದಿಯ ಶಾಫ್ಟ್ ಎಳೆದು ಮತ್ತೆ ತಳ್ಳಿದಾಗ ಎರಡು ಬೆರಳಿನಲ್ಲಿ ಸರಿದು ಕೂತಿತು, ಕೇಜ್ ಬೇರಿಂಗ್‌ನಲ್ಲಿ ಆಟವಿರಲಿಲ್ಲ.

ಎಡ ಹಬ್‌ಗೆ ಡಯಲ್ ಗೇಜ್ ಇಟ್ಟು ಒಳಹೊರಗೆ ಎಳೆದಾಗ 0.35 ಮಿ.ಮೀ. ಆಟ ಸಿಕ್ಕಿತು. ಇಂಥ ಹಬ್‌ಗಳಿಗೆ 0.03ರಿಂದ 0.13 ಮಿ.ಮೀ. ಒಳಗಿರಬೇಕು. ಸಿಕ್ಕಿತು ಕಾರಣ ಎಂದು ಅಲ್ಲಿಗೇ ಕೆಲಸ ಮುಗಿಯುವುದರಲ್ಲಿತ್ತು. ಒಳಬೇರಿಂಗ್ ಬಿಚ್ಚಿದಾಗ ರೇಸ್ (ರೋಲರ್ ಉರುಳುವ ಬಳೆ) ಮೇಲೆ ಸಾಲಾಗಿ ಸುಟ್ಟ ಚುಕ್ಕೆಗಳಿದ್ದವು. ಎರಡು ಬೇರಿಂಗ್, ಸೀಲ್ ಹೊಸದು ಹಾಕಿ, ಹಬ್ ತಿರುಗಿಸುತ್ತಾ ನಟ್ ಬಿಗಿದು, ರೋಲರ್ ಕೂತ ಮೇಲೆ ಕಾಲು ಸುತ್ತು ಸಡಿಲಿಸಿ, 0.08ಕ್ಕೆ ತಂದು ಲಾಕ್ ಮಾಡಲಾಯಿತು. ಹೊಸ ಶಾಫ್ಟ್ ತರಿಸಿ ತಳ್ಳಿದರು. ಕೊನೆಯ ಒಂದು ಮಿ.ಮೀ. ಮತ್ತೆ ಕೂರಲಿಲ್ಲ. ಮೆಕ್ಯಾನಿಕ್ ಸುತ್ತಿಗೆಗೆ ಕೈ ಚಾಚಿದಾಗ ಶಾಫ್ಟ್ ಹಿಡಿದಿದ್ದ ಹುಡುಗ ಅಂದ: “ಅಣ್ಣಾ, ಈ ಕಡೇದು ಯಾವತ್ತೂ ಹೀಗೇ. ಬಡೀದೆ ಒಂದ್ಸಲಾನೂ ಕೂತಿಲ್ಲ.”

ಸುತ್ತಿಗೆ ಕೆಳಗಿಟ್ಟರು. ಫುಲ್ ಫ್ಲೋಟಿಂಗ್ ಶಾಫ್ಟ್ ಕೈಯಿಂದಲೇ ಕೂರಬೇಕು. ಬಡಿಯಬೇಕಾಗಿ ಬಂದರೆ ಎಲ್ಲೋ ಒಂದು ನೇರ ತಪ್ಪಿದೆ.

ಆಗ ಮಾಡಿದ ಪರೀಕ್ಷೆಗೆ ಬೇಕಾದದ್ದು ಫೀಲರ್ ಗೇಜ್ ಒಂದೇ. ಪ್ಯಾಕಿಂಗ್, ಕೋನ್, ನಟ್ ಯಾವುದೂ ಇಲ್ಲದೆ ಶಾಫ್ಟನ್ನು ಕೈಯಿಂದ ಒತ್ತಿ ಹಿಡಿದು, ಫ್ಲ್ಯಾಂಜ್ ಮತ್ತು ಹಬ್ ನಡುವಿನ ಸಂದನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ಅಳೆದರು. ಕೆಳಗೆ ಶೂನ್ಯ, ಮೇಲೆ 0.9 ಮಿ.ಮೀ., ಮುಂದೆ ಹಿಂದೆ ಹತ್ತಿರಹತ್ತಿರ ಸಮ. ಆಮೇಲೆ ಚಕ್ರವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳತೆ, ಹೀಗೆ ನಾಲ್ಕು ಸಲ. ಸಂದು ಚಕ್ರದ ಜೊತೆ ಸುತ್ತಿದರೆ ತಪ್ಪು ತಿರುಗುವ ಭಾಗದಲ್ಲಿ, ಎಂದರೆ ಹಬ್ ಮುಖದಲ್ಲೋ ಫ್ಲ್ಯಾಂಜಿನಲ್ಲೋ ಇದೆ. ಚಕ್ರ ತಿರುಗಿದರೂ ಸಂದು ಇದ್ದಲ್ಲೇ ನಿಂತರೆ ತಪ್ಪು ತಿರುಗದ ಭಾಗದಲ್ಲಿ, ಎಂದರೆ ಹೌಸಿಂಗ್‌ನಲ್ಲಿ. ನಾಲ್ಕು ಸಲವೂ ಸಂದು ಮೇಲೆಯೇ ಇತ್ತು.

ತೂಗುಗುಂಡು ಅದನ್ನೇ ಇನ್ನೊಂದು ರೀತಿ ಹೇಳಿತು. ಸಮತಟ್ಟು ನೆಲದಲ್ಲಿ ಹೊರ ರಿಮ್ಮಿನ ಅಂಚಿಗೆ ದಾರ ಬಿಟ್ಟಾಗ ಬಲಬದಿಯಲ್ಲಿ ಮೇಲೆ ಕೆಳಗೆ ಸಮ, ಎಡಬದಿಯಲ್ಲಿ ರಿಮ್ಮಿನ ಮೇಲಂಚು ಸುಮಾರು 5 ಮಿ.ಮೀ. ಒಳಕ್ಕೆ ವಾಲಿತ್ತು. ಎಡ ಒಳಟೈರಿನ ಒಳ ಭುಜ ಸವೆದಿದ್ದಕ್ಕೂ ಅದೇ ಕಾರಣ. ಟೈರ್ ಸವೆತವನ್ನು ಅಲ್ಲಿಯವರೆಗೆ ಗಾಳಿ ಕಡಿಮೆ ಎಂದು ಟೈರಿನವರ ತಲೆಗೆ ಕಟ್ಟಿದ್ದರು.

ಸ್ಪ್ರಿಂಗ್ ಸೀಟಿನ ವೆಲ್ಡ್

ಯು-ಬೋಲ್ಟ್ ಬಿಚ್ಚಿ, ಹೌಸಿಂಗ್ ಇಳಿಸಿ, ಡಿಫರೆನ್ಷಿಯಲ್ ತೆಗೆದಿಟ್ಟರು. ಬಲ ಸ್ಪಿಂಡಲ್‌ನ ಎರಡೂ ಬೇರಿಂಗ್ ಜಾಗ, ಕೇಜ್ ಕೂರುವ ಬೋರ್, ಎಡ ಸ್ಪಿಂಡಲ್ ತುದಿ ಇಷ್ಟಕ್ಕೂ ನಡುವೆ 2 ಮಿ.ಮೀ. ರಂಧ್ರವಿರುವ ಬಿಲ್ಲೆಗಳನ್ನು ಟರ್ನ್ ಮಾಡಿಸಿ ಕೂರಿಸಿದರು. ಬಲ ತುದಿಯಿಂದ ಟಾರ್ಚ್ ಬಿಟ್ಟರೆ ನೇರ ಹೌಸಿಂಗ್‌ನಲ್ಲಿ ಬೆಳಕು ಎಡ ತುದಿಗೆ ಬರಬೇಕು, ಬರಲಿಲ್ಲ. ಬಿಗಿದ ಸಣ್ಣ ತಂತಿ ಎಳೆದು ಅಳೆದಾಗ ಎಡ ತುದಿ 4 ಮಿ.ಮೀ. ಮೇಲೆದ್ದಿತ್ತು, ಮುಂದೆ ಹಿಂದೆ ಅರ್ಧ ಮಿ.ಮೀ. ಒಳಗೆ. ಬಾಗು ಶುರುವಾದದ್ದು ಎಡ ಸ್ಪ್ರಿಂಗ್ ಸೀಟಿನಿಂದ (ಹೌಸಿಂಗ್ ಮೇಲೆ ಸ್ಪ್ರಿಂಗ್ ಕೂರುವ ಜಾಗ), ತುದಿಗೆ ಅಲ್ಲಿಂದ ಸುಮಾರು 400 ಮಿ.ಮೀ.

ಆ ಸೀಟಿನ ಮೇಲುಬದಿಯಲ್ಲಿ ದಪ್ಪನೆಯ ವೆಲ್ಡ್ ಇತ್ತು. ಮೊದಲ ಮುರಿತಕ್ಕೆ ನಾಲ್ಕು ತಿಂಗಳ ಹಿಂದೆ ಸೀಟ್ ಬಿರುಕು ಬಿಟ್ಟಾಗ ವಾಹನದ ಮೇಲೆಯೇ, ಭಾರ ಇಳಿಸದೆ, ಒಂದೇ ಬದಿಯಿಂದ ತುಂಬಿ ಹಾಕಿದ್ದು. ವೆಲ್ಡ್ ತಣಿಯುವಾಗ ಕುಗ್ಗುತ್ತದೆ, ಮೇಲೆ ಹಾಕಿದ ವೆಲ್ಡ್ ನಳಿಗೆಯ ಮೇಲ್ಮೈಯನ್ನು ಗಿಡ್ಡ ಮಾಡಿ ತುದಿಯನ್ನು ಮೇಲಕ್ಕೆ ಎಳೆಯುತ್ತದೆ. ಶಾಖದಿಂದ ಮೆದುವಾದ ಉಕ್ಕಿನ ಮೇಲೆ ವಾಹನದ ಭಾರವೂ ಅದೇ ದಿಕ್ಕಿಗೆ ಒತ್ತಿತು. ಅರ್ತ್ ಕ್ಲಿಪ್ಪನ್ನು ಚಕ್ರದ ಹಬ್‌ಗೆ ಹಾಕಿದ್ದಾಗಿ ವೆಲ್ಡ್ ಮಾಡಿದವರು ನೆನಪಿಸಿಕೊಂಡರು. ಕರೆಂಟ್ ಬೇರಿಂಗ್ ಮೂಲಕ ಹಾದಿತ್ತು, ರೇಸ್ ಮೇಲಿನ ಸುಟ್ಟ ಚುಕ್ಕೆಗಳ ಜಾತಕ ಅದು.

4 ಮಿ.ಮೀ. ಎಂದರೆ ಇಷ್ಟೇನಾ ಅನ್ನಿಸಬಹುದು. 400ಕ್ಕೆ 4 ಎಂದರೆ ಕೋನ ನೂರಕ್ಕೆ ಒಂದು. ಸ್ಪಿಂಡಲ್‌ನ ನೇರವನ್ನು ಒಳಕ್ಕೆ ಸೈಡ್ ಗೇರ್‌ವರೆಗೆ, ಇನ್ನೂ 450 ಮಿ.ಮೀ., ಎಳೆದರೆ ಅದು ಗೇರ್‌ನ ನಡುವನ್ನು 4.5 ಮಿ.ಮೀ. ತಪ್ಪಿಸುತ್ತದೆ. ನಟ್ ಬಿಗಿದಾಗ 850 ಮಿ.ಮೀ. ಉದ್ದದ, 48 ಮಿ.ಮೀ. ದಪ್ಪದ ಶಾಫ್ಟ್ ಅಷ್ಟು ಬಗ್ಗಲೇಬೇಕು. ಸ್ಪ್ಲೈನ್ ಸಡಿಲನ್ನು ಬದಿಗಿಟ್ಟರೆ ಕೊರಳಿನಲ್ಲಿ ಸುಮಾರು 90 ಮೆಗಾಪ್ಯಾಸ್ಕಲ್ ಬಾಗು ಒತ್ತಡ ಹುಟ್ಟುತ್ತದೆ. ಇಷ್ಟರಿಂದಲೇ ಒಳ್ಳೆಯ ಶಾಫ್ಟ್ ಮುರಿಯುವುದಿಲ್ಲ. ಆದರೆ ಲೋಡ್ ಬಿದ್ದಾಗ ಹೌಸಿಂಗ್ ಇನ್ನಷ್ಟು ಬಾಗುತ್ತದೆ, ಕೊರಳಿನ ತಿರುವು ಒತ್ತಡವನ್ನು ಒಂದೆಡೆ ಕೂಡಿಸುತ್ತದೆ, ಮೇಲೆ ತಿರುಚು ಬಲ ಬೇರೆ, ಸಡಿಲ ಫ್ಲ್ಯಾಂಜ್ ಕೊಡುವ ಕುಲುಕು ಬೇರೆ.

ದಪ್ಪ ಶಾಫ್ಟ್ ಬೇಗ ಹೋದದ್ದಕ್ಕೂ ಲೆಕ್ಕ ಇಲ್ಲೇ ಇದೆ. ಭಾರ ಹೊರುವ ಕಂಬ ದಪ್ಪವಾದಷ್ಟೂ ಒಳ್ಳೆಯದು. ಇಲ್ಲಿ ಶಾಫ್ಟ್ ಹೊರುತ್ತಿರುವುದು ಭಾರವಲ್ಲ, ಇಂತಿಷ್ಟು ಬಗ್ಗು ಎಂಬ ಬಲವಂತ. ಅಷ್ಟೇ ಬಗ್ಗಿಸಿದರೆ ಸಣ್ಣ ಕಡ್ಡಿಗಿಂತ ದಪ್ಪ ಕಡ್ಡಿಯ ಮೈಗೆ ಹೆಚ್ಚು ಎಳೆತ. ಉಕ್ಕು ಎಷ್ಟೇ ಗಟ್ಟಿಯಿದ್ದರೂ ಒತ್ತಡ ಇಳಿಯುವುದಿಲ್ಲ, ಏಕೆಂದರೆ ಬಗ್ಗಿಸುವಾಗ ಎದುರು ನಿಲ್ಲುವ ಬಿಗುವು ಎಲ್ಲ ಉಕ್ಕುಗಳಿಗೂ ಹೆಚ್ಚುಕಡಿಮೆ ಒಂದೇ. 3 ಮಿ.ಮೀ. ದಪ್ಪದಿಂದ ಆದ ವ್ಯತ್ಯಾಸ ಚಿಕ್ಕದು, ದೊಡ್ಡದು ಲೇಥ್ ಕೆಲಸದ್ದು: ಮೂಲ ಶಾಫ್ಟ್‌ನ ಕೊರಳಿನ ತಿರುವು 6 ಮಿ.ಮೀ. ತ್ರಿಜ್ಯದ್ದು, ಮಾಡಿಸಿದ್ದರಲ್ಲಿ 2 ಮಿ.ಮೀ. ಮಾತ್ರ, ಅದರಲ್ಲೂ ಟೂಲಿನ ಗೆರೆಗಳು ಉಗುರಿಗೆ ಸಿಗುತ್ತಿದ್ದವು. ಬಿರುಕು ಹುಟ್ಟಲು ಆ ಗೆರೆಗಳೇ ಸಾಕು.

ನೆಟ್ಟಗೆ ಮಾಡುವುದೋ, ಬದಲಿಸುವುದೋ

ಬಾಗಿದ ಹೌಸಿಂಗನ್ನು ಪ್ರೆಸ್‌ನಲ್ಲಿ ತಣ್ಣಗೆ ನೆಟ್ಟಗೆ ಮಾಡುವವರಿದ್ದಾರೆ, ಬಿರುಕಿಲ್ಲದಿದ್ದರೆ ಅದು ಯೋಚಿಸಬಹುದಾದ ದಾರಿ. ಗ್ಯಾಸ್ ಕಾಯಿಸಿ ನೆಟ್ಟಗೆ ಮಾಡುವುದು ಮಾತ್ರ ಬೇಡ, ಸ್ಪಿಂಡಲ್‌ನ ಗಡಸುತನವೂ ನಳಿಗೆಯ ಬಲವೂ ಹೋಗುತ್ತವೆ. ಇಲ್ಲಿ ತೀರ್ಮಾನ ಸುಲಭವಾಯಿತು. ವೆಲ್ಡ್‌ನ ಅಂಚಿಗೆ ಡೈ ಪೆನೆಟ್ರೆಂಟ್ ಹಾಕಿದಾಗ, ಅಂದರೆ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದಾಗ, 30 ಮಿ.ಮೀ. ಉದ್ದದ ಕೆಂಪು ಗೆರೆ ಮೂಡಿತು. ಬಿರುಕು ಬಿಟ್ಟ ಹೌಸಿಂಗ್ ತುಂಡಾದರೆ ಹೋಗುವುದು ಶಾಫ್ಟ್ ಅಲ್ಲ, ಚಕ್ರವೇ.

ಬಳಸಿದ ಹೌಸಿಂಗ್ ಒಂದನ್ನು ಆರಿಸಿ, ಖರೀದಿಗೆ ಮೊದಲೇ ಅದೇ ಬಿಲ್ಲೆಗಳಿಂದ ಪರೀಕ್ಷಿಸಲಾಯಿತು. ಮೊದಲು ನೋಡಿದ್ದು 2 ಮಿ.ಮೀ. ಬಾಗಿತ್ತು, ಬಿಟ್ಟರು. ಎರಡನೆಯದು ಅರ್ಧ ಮಿ.ಮೀ. ಒಳಗಿತ್ತು, ಸೀಟುಗಳಲ್ಲಿ ಬಿರುಕಿರಲಿಲ್ಲ, ತಂದರು.

ಜೋಡಣೆಯಲ್ಲಿ ಪಾಲಿಸಿದ ಕ್ರಮ ಹೀಗೆ. ಹಬ್ ಮುಖ ಮತ್ತು ಫ್ಲ್ಯಾಂಜಿನಿಂದ ಹಳೆಯ ಪ್ಯಾಕಿಂಗ್, ಬಣ್ಣ, ಆಯಿಲ್ ಪೂರ್ತಿ ತೆಗೆದು ಒಣಗಿಸಿದರು. ಮೂಲ ಅಳತೆಯ ಶಾಫ್ಟನ್ನು ಎರಡು ವಿ-ಬ್ಲಾಕ್ ಮೇಲೆ ತಿರುಗಿಸಿ ನೇರ ನೋಡಿದರು, ಮೈಮೇಲೆ ಉದ್ದಕ್ಕೂ ಒಂದು ಬಣ್ಣದ ಗೆರೆ ಎಳೆದರು. ಮುಂದೆ ಯಾವಾಗಲಾದರೂ ಎಳೆದು ನೋಡಿದಾಗ ಆ ಗೆರೆ ಸುರುಳಿಯಾಗಿದ್ದರೆ ಶಾಫ್ಟ್ ತಿರುಚಿಕೊಂಡಿದೆ ಎಂದು ತಕ್ಷಣ ತಿಳಿಯುತ್ತದೆ. ನಂಬರ್ ಪಂಚ್, ವೆಲ್ಡಿಂಗ್ ರಾಡಿನ ಕಿಡಿ, ಉಳಿಯ ಗುರುತು ಯಾವುದೂ ಶಾಫ್ಟ್ ಮೈಗೆ ತಾಗದಂತೆ ನೋಡಿಕೊಂಡರು. ಅಕ್ಕಿಕಾಳಿನಷ್ಟು ಕಿಡಿಗಾಯವೂ ಬಿರುಕಿನ ಬೀಜ. ಶಾಫ್ಟ್ ಕೈಯಿಂದಲೇ ಕೂತಿತು, ಸುತ್ತಲೂ 0.05ರ ಫೀಲರ್ ಎಲ್ಲಿಯೂ ನುಗ್ಗಲಿಲ್ಲ. ಒಂದೇ ಪ್ಯಾಕಿಂಗ್, ಹೊಸ ಸ್ಟಡ್, ಹೊಸ ಸೀಳು ಕೋನ್, ಸ್ಪ್ರಿಂಗ್ ವಾಷರ್, ನಟ್. ಎದುರುಬದುರು ಕ್ರಮದಲ್ಲಿ, ಎರಡು ಹಂತದಲ್ಲಿ, ಕೈಪಿಡಿಯ ಟಾರ್ಕ್‌ಗೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿದರು. ಪೈಪ್ ಹಾಕಿ ಬಿಗಿದರೆ ಸ್ಟಡ್ ಎಳೆದುಹೋಗಿ ಮತ್ತೆ ಸಡಿಲಾಗುತ್ತದೆ. ಆಯಿಲ್ ಬದಲಿಸಿ, ಹೌಸಿಂಗ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ತೆರೆದು ಶುಚಿ ಮಾಡಿದರು. ಬ್ರೀದರ್ ಕಟ್ಟಿದರೆ ಒಳಗಿನ ಬಿಸಿಗಾಳಿ ಆಯಿಲನ್ನು ಸೀಲ್ ದಾಟಿಸಿ ಬ್ರೇಕ್ ಲೈನರ್‌ಗೆ ಕಳಿಸುತ್ತದೆ.

100 ಕಿ.ಮೀ. ಓಡಿದಾಗ ಒಮ್ಮೆ, 500 ಕಿ.ಮೀ. ಓಡಿದಾಗ ಇನ್ನೊಮ್ಮೆ ನಟ್ ಮತ್ತು ಯು-ಬೋಲ್ಟ್ ಮರುಬಿಗಿತ ನಡೆಯಿತು. ಮೊದಲ ಸಲ ಎರಡು ನಟ್ ಸ್ವಲ್ಪ ತಿರುಗಿದವು, ಎರಡನೆಯ ಸಲ ಒಂದೂ ಇಲ್ಲ.

ವರ್ಕ್‌ಶಾಪಿನಲ್ಲಿ ಬದಲಾದದ್ದು

ಮುರಿದ ಭಾಗ ಈಗ ನೇರ ಗುಜರಿಗೆ ಹೋಗುವುದಿಲ್ಲ. ತೊಳೆದು, ಮುಖಕ್ಕೆ ಗ್ರೀಸ್ ಸವರಿ, ಯಾವ ಬದಿ, ಎಷ್ಟು ಓಡಿದೆ ಎಂದು ಬರೆದು ಮೂರು ತಿಂಗಳು ಕಪಾಟಿನಲ್ಲಿ ಇಡುತ್ತಾರೆ. ಆಕ್ಸಲ್ ಶಾಫ್ಟ್ ಬದಲಿಸುವ ಜಾಬ್ ಕಾರ್ಡಿನಲ್ಲಿ ಎರಡು ಸಾಲು ಹೊಸದಾಗಿ ಸೇರಿವೆ: ‘ಕೈಯಿಂದ ಕೂತಿತೇ?’ ಮತ್ತು ‘ನಟ್ ಹಾಕುವ ಮುನ್ನ ಸಂದು: ಮೇಲೆ, ಕೆಳಗೆ, ಮುಂದೆ, ಹಿಂದೆ’. ಹೌಸಿಂಗ್ ಮೇಲೆ ವೆಲ್ಡ್ ಮಾಡುವುದನ್ನು ನಿಲ್ಲಿಸಿದ್ದಾರೆ. ಬ್ರಾಕೆಟ್‌ನಂಥ ಸಣ್ಣ ಕೆಲಸಕ್ಕೆ ಕೈಪಿಡಿ ಒಪ್ಪುವ ಜಾಗದಲ್ಲಿ ಮಾತ್ರ, ಭಾರ ಇಳಿಸಿ, ಅರ್ತ್ ಕ್ಲಿಪ್ಪನ್ನು ವೆಲ್ಡ್ ಪಕ್ಕದಲ್ಲೇ ಹಾಕಿ ಮಾಡುತ್ತಾರೆ. ಒಂದೇ ಬದಿಯ ನಟ್ ಎರಡನೆಯ ಸಲ ಸಡಿಲಾಯಿತು ಎಂಬ ದೂರು ಬಂದರೆ ಬಿಗಿದು ಕಳಿಸುವುದಿಲ್ಲ, ಶಾಫ್ಟ್ ಎಳೆದು ನೋಡುತ್ತಾರೆ.

ಆರು ತಿಂಗಳಿಗೆ ಎಡ ಶಾಫ್ಟನ್ನು ಹೊರಗೆಳೆದು ಕೊರಳಿಗೆ ಡೈ ಪೆನೆಟ್ರೆಂಟ್ ಹಾಕಿದರು: ಗೆರೆ ಮೂಡಲಿಲ್ಲ, ಬಣ್ಣದ ಗೆರೆ ನೇರವಾಗಿಯೇ ಇತ್ತು. ಅದೇ ದಿನ ಬಲಬದಿಯ ಹಳೆಯ ಶಾಫ್ಟನ್ನೂ ನೋಡಿದರು. ಸ್ಪ್ಲೈನ್ ಹಲ್ಲುಗಳಲ್ಲಿ ಸೈಡ್ ಗೇರ್ ಕೂರುವ ಕಡೆ ಉಗುರಿಗೆ ಸಿಗುವಷ್ಟು ಮೆಟ್ಟಿಲು ಸವೆದಿದ್ದರಿಂದ ಬದಲಿಸಿದರು. ಹದಿನಾಲ್ಕು ತಿಂಗಳಾದ ಮೇಲೆ ಎಡಬದಿಯಲ್ಲಿ ಅದೇ ಶಾಫ್ಟ್ ಓಡುತ್ತಿತ್ತು. ಒಳಟೈರಿನ ಭುಜ ಸವೆಯುವುದೂ ನಿಂತಿತ್ತು.